ಫಾರಂನಲ್ಲಿ ಇಲ್ಲದ ಪ್ರಶ್ನೆ

ನನಗೆ ಉಮೇದು ಹತ್ತಿತೆಂದರೆ ಮನೆಯಲ್ಲಿ ಎಲ್ಲರೂ ಹೆದರುತ್ತಾರೆ. ತಾರಸಿ ತೋಟ ಮಾಡುತ್ತೇನೆಂದು ಹೊರಟು ಕೆಳಗಿನ ಬಾಡಿಗೆಯವರ ಸೀಲಿಂಗಿನಲ್ಲಿ ನೀರು ಇಳಿಸಿದವಳು ನಾನು. ಹಾಗಾಗಿ ಆ ಭಾನುವಾರ ಚರ್ಚಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, "ಈ ಸಲ ಚರ್ಚ್ ಆಫೀಸ್ ಕೆಲಸಕ್ಕೆ ಹೊರಗಿನೋರೂ ಅರ್ಜಿ ಹಾಕ್ಬಹುದು, ನಂದೇ ಉಸ್ತುವಾರಿ" ಎಂದು ಕೂಗಿದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ಚರ್ಚು ಉದ್ಧಾರ ಆಯ್ತು ಬಿಡು" ಎಂದರು.

ಅವರು ಏನಾದರೂ ಅನ್ನಲಿ, ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಚರ್ಚಿನ ಸಮಾಚಾರ ಗೊತ್ತಿದ್ದವರಿಗೆ ಮಾತ್ರ ಆ ಸಂತೋಷ ಅರ್ಥವಾದೀತು. ಬಸವೇಶ್ವರನಗರದ ನಮ್ಮ ಚರ್ಚಿಗೆ ಬರುವ ಹಳೆಯ ಮನೆಗಳೆಲ್ಲ ಒಂದೇ ಊರಿನವು. ತುಮಕೂರಿನ ಆಚೆ ಮಿಷನ್ನಿನವರು ಕಟ್ಟಿಸಿದ ಒಂದು ಪುಟ್ಟ ಊರು. ಅಲ್ಲಿಂದ ನಮ್ಮ ಅಜ್ಜಂದಿರು ರಾಜಾಜಿನಗರದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದರು, ಸುತ್ತಮುತ್ತ ಸೈಟು ಮಾಡಿಕೊಂಡರು, ಒಬ್ಬರ ಮಗಳನ್ನು ಇನ್ನೊಬ್ಬರ ಮಗನಿಗೆ ತಂದುಕೊಂಡರು. ಈಗ ಭಾನುವಾರ ಆರಾಧನೆಯಲ್ಲಿ ಯಾವ ಬೆಂಚಿನ ಕಡೆ ತಿರುಗಿದರೂ ಒಬ್ಬರು ಅತ್ತೆ, ಒಬ್ಬರು ಭಾವ. ನನ್ನ ಗಂಡನೂ ಅಲ್ಲಿಯವರೇ.

ಚರ್ಚ್ ಆಫೀಸಿನ ಕುರ್ಚಿಯೂ ಹಾಗೇ. ಮೊದಲು ನನ್ನ ತಾಯಿಯ ಸೋದರಮಾವ ಕೂತಿದ್ದರು. ಆಮೇಲೆ ಅವರ ಅಳಿಯ. ಆಮೇಲೆ ನನ್ನ ದೊಡ್ಡಪ್ಪನ ಮಗ, ನಾನು ಅಣ್ಣ ಎನ್ನುವವನು. ಕೆಲಸ ಖಾಲಿಯಾದಾಗ ಆರಾಧನೆ ಮುಗಿಯುವ ಹೊತ್ತಿಗೆ ಪ್ರಕಟಣೆ ಓದುವುದು ಪದ್ಧತಿ. "ಆಸಕ್ತರು ಅರ್ಜಿ ಕೊಡಬಹುದು." ಆದರೆ ಆ ಪ್ರಕಟಣೆ ಕೇಳುವವರು ಬೆಂಚಿನಲ್ಲಿ ಕೂತ ನಾವೇ, ಅರ್ಜಿ ನೋಡುವವರೂ ನಾವೇ. ಹಿಂದಿನ ಶನಿವಾರ ಯಾರದೋ ನಿಶ್ಚಿತಾರ್ಥದ ಊಟದಲ್ಲಿ ಯಾರಿಗೆ ಕೆಲಸ ಎಂಬುದು ತೀರ್ಮಾನವಾಗಿರುತ್ತಿತ್ತು. ಯಾರೂ ಕೆಟ್ಟವರಲ್ಲ. ಹಾಗೇ ನಡೆದುಕೊಂಡು ಬಂದಿತ್ತು.

ಅಣ್ಣ ನಿವೃತ್ತಿಯಾಗುತ್ತೇನೆಂದಾಗ ಆ ಮಾತು ಎತ್ತಿದವರು ಅಯ್ಯನವರು. ನಾವು ಪಾದ್ರಿಗಳನ್ನು ಅಯ್ಯನವರು ಎಂದೇ ಕರೆಯುವುದು. ಆ ವರ್ಷ ತಾನೇ ವರ್ಗವಾಗಿ ಬಂದಿದ್ದರು, ನಲವತ್ತು ದಾಟದ ವಯಸ್ಸು, ಮೆದು ಮಾತು. ಸಮಿತಿಯ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಈ ಆಫೀಸಿನಲ್ಲಿ ಇದುವರೆಗೆ ಕೆಲಸ ಮಾಡಿದವರಲ್ಲಿ ನಿಮಗೆ ನೆಂಟರಲ್ಲದವರು ಯಾರಾದರೂ ಇದ್ದಾರಾ?"

ನಾವೆಲ್ಲ ಫ್ಯಾನು ನೋಡಿದೆವು.

ಖಜಾಂಚಿಗಳು ಗಂಟಲು ಸರಿಮಾಡಿಕೊಂಡರು. ಅವರು ಸಮಿತಿಯಲ್ಲೇ ಹಿರಿಯರು, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ನನಗೆ ದೂರದ ಚಿಕ್ಕಪ್ಪನೂ ಹೌದು. "ಅಯ್ನೋರೇ, ಅದು ಬೀಗದ ಕೈ ಕೊಡೋ ಕೆಲ್ಸ. ದೀಕ್ಷಾಸ್ನಾನದ ರಿಜಿಸ್ಟರು, ಮದ್ವೆ ರಿಜಿಸ್ಟರು, ಸಾವಿನ ರಿಜಿಸ್ಟರು, ಎಲ್ಲಾ ಅಲ್ಲೇ ಇರೋದು. ನಮ್ ಮನೆಗಳ ವಿಷ್ಯ ಗೊತ್ತಿಲ್ದೋರ್ ಕೈಗೆ ಹೆಂಗ್ ಕೊಡೋದು?"

"ಗೊತ್ತಾಗೋ ತನಕ ಗೊತ್ತಿಲ್ದೋರೇ ಅಲ್ವಾ ಚಿಕ್ಕಪ್ಪ ಎಲ್ರೂ?" ಎಂದು ನಾನು ಬಾಯಿ ಹಾಕಿದೆ. ಅಷ್ಟು ಹೇಳಿದ್ದೇ ತಡ, ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ನಾನು ಬೇಡವೆನ್ನಲಿಲ್ಲ. ಇಪ್ಪತ್ತೆಂಟು ವರ್ಷ ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು ನಾನು. ಕೆಲವರಿಗೆ ಒಡವೆ ಮಾಡಿಸಿಕೊಂಡಾಗ ಆಗುವಷ್ಟು ಖುಷಿ ನನಗೆ ಫಾರಂ ಮಾಡುವುದರಲ್ಲಿ.

ಮಾರನೇ ದಿನವೇ ಹಳೆಯ ಅರ್ಜಿ ಫಾರಂ ಹಿಡಿದು ಮಾರೇನಹಳ್ಳಿಯ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು, ಬಿಗಿಯಾಗಿ ಹೆಣೆದ ಜಡೆ, ಕೀಲಿಮಣೆಯ ಕಡೆ ನೋಡದೆ ಕನ್ನಡ ಟೈಪ್ ಮಾಡುವ ಬೆರಳು. ನಾನು ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಹೇಳುತ್ತಾ ಹೋದೆ. ನಮ್ಮ ಚರ್ಚಿನ ಸಭೆಯ ಸದಸ್ಯರಾಗಿರಬೇಕು ಎಂಬ ಸಾಲು ತೆಗೆ. ಪಾದ್ರಿಗಳ ಶಿಫಾರಸು ಪತ್ರ ತೆಗೆ. ಅವಳ ಬೆರಳು ಒಂದು ಕಡೆ ನಿಂತಿತು.

"ಆಂಟಿ, ತಂದೆ ಹೆಸ್ರು, ಸ್ವಂತ ಊರು, ಯಾವ ಮನೆತನ ಅಂತ ಕಾಲಂ ಇದ್ಯಲ್ಲ. ಇದು?"

"ಅದನ್ನೇ ಮೊದ್ಲು ತೆಗಿ ಕಣಮ್ಮ. ಕೆಲ್ಸಕ್ಕೆ ಬೇಕಾಗಿರೋದು ಕೆಲ್ಸ. ಯಾರ ಮಕ್ಕಳಾದ್ರೆ ನಮಗೇನು?"

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ನಿಜ್ವಾಗ್ಲೂ ಯಾರ್ ಬೇಕಾದ್ರೂ ಹಾಕ್ಬಹುದಾ?"

"ಯಾರ್ ಬೇಕಾದ್ರೂ!" ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಆಧಾರ್ ಜೆರಾಕ್ಸಿಗೆ ನಿಂತಿದ್ದವರೂ ತಿರುಗಿ ನೋಡಿದರು.

ಪ್ರಿಂಟ್ ತೆಗೆಯುತ್ತಾ ಅವಳು ತನ್ನ ವಿಷಯ ಹೇಳಿದಳು. ಬಿ.ಕಾಂ. ಆಗಿದೆ. ಮೂಡಲಪಾಳ್ಯದಲ್ಲಿ ಶೀಟಿನ ಹಾಲಿನಲ್ಲಿ ನಡೆಯುವ ಒಂದು ತೆಲುಗು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾಳೆ. ಅಂಗಡಿಯ ಮಾಲೀಕರು ಜಾಗ ಮಾರಿದ್ದಾರೆ, ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತದೆ. ಮನೆಯಲ್ಲಿ ಅಮ್ಮ ಮಾತ್ರ, ಅವರಿಗೆ ಮಂಡಿನೋವು. ಅವಳಿಗೆ ಒಳ್ಳೆಯ ಕೆಲಸ ಸಿಕ್ಕರೆ ಅಮ್ಮ ಕೆಲಸ ಬಿಡಬಹುದು. ಒಂದು ಫಾರಂ ತನಗೂ ಇಟ್ಟುಕೊಂಡಳು.

ಆ ಎರಡು ವಾರ ನಾನು ಬುಗುರಿಯ ಹಾಗೆ ತಿರುಗಿದೆ. ಯಜಮಾನರ ಸ್ಕೂಟರಿನ ಹಿಂದೆ ಕೂತು, ಕೈಯಲ್ಲಿ ಗಮ್ಮಿನ ಡಬ್ಬಿ ಹಿಡಿದು, ವಿಜಯನಗರದ ತಮಿಳು ಸಭೆ, ಕೆಂಗೇರಿಯ ಮಲಯಾಳಿಗಳ ಚರ್ಚು, ಚಂದ್ರಾ ಲೇಔಟಿನಲ್ಲಿ ಮಣಿಪುರದ ಹುಡುಗ ಹುಡುಗಿಯರು ಸೇರುವ ಬಾಡಿಗೆ ಹಾಲು, ಎಲ್ಲ ಕಡೆ ನೋಟಿಸು ಅಂಟಿಸಿದೆ. ಹೋದ ಕಡೆಯಲ್ಲೆಲ್ಲ ಕಾಫಿ ಕೊಟ್ಟರು. ಎಷ್ಟು ವರ್ಷದಿಂದ ಇವರೆಲ್ಲ ಎರಡು ಮೂರು ಕಿಲೋಮೀಟರ್ ದೂರದಲ್ಲೇ ಇದ್ದರು, ಕ್ರಿಸ್‌ಮಸ್‌ಗೆ ನಾವು ಹಾಡುವ ರಾಗವನ್ನೇ ಹಾಡುತ್ತಿದ್ದರು! ನನಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. "ಹಾಡಿದ್ದೇ ಹಾಡೋ ಕಿಸ್ಬಾಯಿ ದಾಸ" ಎಂದು ಯಜಮಾನರು ಸಾರು ಬಡಿಸಿಕೊಂಡರು.

ಸಂದರ್ಶನದ ಶನಿವಾರ ಚರ್ಚಿನ ವರಾಂಡದಲ್ಲಿ ಆರು ಜನ ಕೂತಿದ್ದರು. ಕೆಂಗೇರಿಯಿಂದ ಬಂದ ಮಲಯಾಳಿ ಹೆಂಗಸು, ವಿಜಯನಗರದ ಪಾರ್ಲರಿನಲ್ಲಿ ಕೆಲಸ ಮಾಡುತ್ತಾ ನನಗಿಂತ ಚುರುಕಾಗಿ ಕನ್ನಡ ಮಾತಾಡುವ ಮಣಿಪುರದ ಹುಡುಗಿ, ತಮಿಳು ಸಭೆಯ ಇಬ್ಬರು, ಜೆರಾಕ್ಸ್ ಅಂಗಡಿಯ ಹುಡುಗಿ, ಮತ್ತೆ ಅಣ್ಣನ ಮಗ. ನಾನು ಬಾಗಿಲ ಸಂದಿಯಿಂದ ಎರಡು ಸಲ ಇಣುಕಿ ನೋಡಿದೆ. ಮದುವೆ ಮನೆಯಲ್ಲಿ ಬೀಗರು ಬಂದರಾ ಎಂದು ನೋಡುವ ಹಾಗೆ.

ನಾನೇ ಮಾಡಿದ ನಿಯಮ ಒಂದಿತ್ತು: ಅಭ್ಯರ್ಥಿಗೆ ನೆಂಟರಾದವರು ಆ ಹೊತ್ತಿಗೆ ಹೊರಗೆ ಹೋಗಬೇಕು. ಅಣ್ಣನ ಮಗನ ಸರದಿ ಬಂದಾಗ ಸಮಿತಿಗೆ ಸಮಿತಿಯೇ ಎದ್ದು ಹೊರಗೆ ಬಂದು ಸಂಪಿಗೆ ಮರದ ಕೆಳಗೆ ನಿಂತೆವು. ಒಳಗೆ ಅಯ್ಯನವರೊಬ್ಬರೇ. ಖಜಾಂಚಿಗಳು ನಮ್ಮನ್ನೆಲ್ಲ ಒಮ್ಮೆ ನೋಡಿ, "ಅಯ್ನೋರ್ ಹೇಳಿದ್ದು ನಿಜ ಬಿಡಮ್ಮ" ಎಂದು ನಕ್ಕರು. ಅವರು ನಕ್ಕಿದ್ದೇ ನನಗೆ ಅರ್ಧ ಗೆದ್ದಂತಾಯಿತು.

ಎಲ್ಲರಿಗೂ ಒಂದೇ ಪರೀಕ್ಷೆ. ಒಂದು ಪ್ರಕಟಣೆ ಟೈಪ್ ಮಾಡಬೇಕು. ಆಮೇಲೆ ಖಜಾಂಚಿಗಳು, ಅಣ್ಣನ ಮಗನಿಗೆ ಮಾತ್ರ ಅಯ್ಯನವರು, ಪಕ್ಕದ ಕೋಣೆಯಿಂದ ಫೋನ್ ಮಾಡಿ, ನಮ್ಮ ಮನೆಯಲ್ಲಿ ಸಾವಾಗಿದೆ ಎನ್ನುತ್ತಾರೆ. ಏನು ಕೇಳಬೇಕು, ಏನು ಬರೆದುಕೊಳ್ಳಬೇಕು? ಚರ್ಚ್ ಆಫೀಸಿಗೆ ಬರುವ ಕಷ್ಟದ ಫೋನ್ ಅದೇ. ಉಳಿದವರು ಹೆಸರು, ವಯಸ್ಸು, ಮಣ್ಣು ಎಷ್ಟು ಹೊತ್ತಿಗೆ ಎಂದು ಶುರು ಮಾಡಿದರು. ತಪ್ಪೇನಿಲ್ಲ, ಅಣ್ಣನೂ ಹಾಗೇ ಕೇಳುತ್ತಿದ್ದ.

ಜೆರಾಕ್ಸ್ ಅಂಗಡಿಯ ಹುಡುಗಿ ಫೋನ್ ಎತ್ತಿದಳು. "ಅಯ್ಯೋ... ಸಾರ್, ನಿಮ್ ಜೊತೆ ಈಗ ಯಾರಿದಾರೆ? ಒಬ್ರೇ ಇದೀರಾ?" ಎಂದಳು. "ಫೋನ್ ಇಡ್ಬೇಡಿ ಸಾರ್. ಯಾರಾದ್ರೂ ಬರೋ ತನಕ ನಾನ್ ಮಾತಾಡ್ತಿರ್ತೀನಿ. ಆಮೇಲೆ ನಿಧಾನಕ್ಕೆ ಬರ್ಕೊಳೋಣ."

ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಖಜಾಂಚಿಗಳು ಈಚೆ ಕೋಣೆಗೆ ಬಂದು ಕೂತರು. ಸಿಕ್ಕಿದಳು, ಇವಳೇ, ಇನ್ನು ಯಾರನ್ನೂ ನೋಡಬೇಕಾಗಿಲ್ಲ! ಕುರ್ಚಿಯಿಂದ ಎದ್ದು ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಆ ಸಂತೋಷದ ಭರದಲ್ಲಿ, ಪ್ರೀತಿಯಿಂದಲೇ, ನಮ್ಮ ಹೆಂಗಸರೆಲ್ಲ ಚೆಂದದ ಹುಡುಗಿಯನ್ನು ಕಂಡ ಕೂಡಲೇ ಕೇಳುವುದನ್ನು ನಾನೂ ಕೇಳಿಬಿಟ್ಟೆ.

"ಎಷ್ಟ್ ಚೆನ್ನಾಗ್ ಮಾತಾಡ್ತೀಯಮ್ಮ! ಯಾವ ಊರು, ಯಾರ ಪೈಕಿ ನೀನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಕೋಪ ಮಾಡಿಕೊಳ್ಳಲಿಲ್ಲ. ಮೇಜಿನ ಮೇಲಿದ್ದ ತನ್ನ ಅರ್ಜಿಯನ್ನು ನೋಡಿದಳು.

"ಈ ಫಾರಂ ನಾನೇ ಟೈಪ್ ಮಾಡಿದ್ದು ಆಂಟಿ. ಆ ಕಾಲಂ ನೀವೇ ತೆಗ್ಸಿದ್ರಿ. ಅದಕ್ಕೇ ನಾನ್ ಅರ್ಜಿ ಹಾಕಿದ್ದು." ಎದ್ದು ನಿಂತು, "ನಮ್ಮಮ್ಮ ಪೌರಕಾರ್ಮಿಕರು. ಈ ಕಡೆ ರಸ್ತೆಗಳನ್ನೇ ಗುಡ್ಸೋದು. ಮಿಕ್ಕಿದ್ದು ನಿಮಗೇ ಗೊತ್ತಾಗತ್ತೆ" ಎಂದಳು. ಅಯ್ಯನವರ ಕಡೆ ತಿರುಗಿ "ಬರ್ತೀನಿ ಸಾರ್" ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟಳು.

ನನಗೆ ಅಳು ಬಂತು, ನನ್ನ ಮೇಲೇ ಸಿಟ್ಟು ಬಂತು. ಫಾರಂನಿಂದ ತೆಗೆದಿದ್ದೆ, ನಾಲಿಗೆಯಿಂದ ತೆಗೆದಿರಲಿಲ್ಲ. ಮಾತಾಡಿದವರು ಖಜಾಂಚಿಗಳು.

"ನಂದು ಆ ಹುಡುಗಿಗೇ. ನಾಳೆ ನಾನ್ ಸತ್ತಾಗ ನಮ್ಮನೆಯವಳು ಫೋನ್ ಮಾಡ್ತಾಳಲ್ಲ, ಆ ಹುಡುಗೀನೇ ಎತ್ಬೇಕು. ಬರ್ಕೊಳಿ ಅಯ್ನೋರೇ."

ಎಲ್ಲರೂ ಕೈ ಎತ್ತಿದರು. ಅಯ್ಯನವರು ಅಂದೇ ಸಂಜೆ ಫೋನ್ ಮಾಡಿದರು. ಅವಳು ಥ್ಯಾಂಕ್ಸ್ ಹೇಳಿ, ಬೇಡ ಸಾರ್ ಎಂದಳಂತೆ. ಮಾರನೇ ದಿನ ಆರಾಧನೆಯ ನಂತರ ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. "ಅಮ್ಮಾ, ನಾನು ಹೋಗಿ ಪ್ರಯೋಜನವಿಲ್ಲ. ನೀವೇ ಹೋಗಬೇಕು." ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋದು ಇದಕ್ಕೇ ಕಣೇ" ಎಂದರು. ಆದರೆ ಹಾಗೆನ್ನುತ್ತಲೇ ಸ್ಕೂಟರಿನ ಕೀ ತೆಗೆದುಕೊಂಡಿದ್ದರು.

ಮೂಡಲಪಾಳ್ಯದಲ್ಲಿ ಅವಳ ಮನೆ ಮೊದಲ ಮಹಡಿಯ ಒಂದು ಪೋರ್ಷನ್. ಬಾಗಿಲು ತೆಗೆದವರು ಅವಳ ಅಮ್ಮ. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು. "ಅಯ್ಯೋ ಹೊಂಗೆ ಮರದ ಮನೆ ಅಮ್ಮ! ನಿಮ್ ಮರದ ಎಲೆ ಗುಡ್ಸಿ ಗುಡ್ಸೀನೇ ನನ್ ಮಂಡಿ ಹೋಗಿದ್ದು ನೋಡಿ!" ಎಂದು ನಕ್ಕು ಒಳಗೆ ಕರೆದರು. ಆರೇಳು ವರ್ಷದಿಂದ ನಮ್ಮ ಗೇಟಿನ ಮುಂದೆ ಬೆಳಗ್ಗೆ ಬೆಳಗ್ಗೆ ಪೊರಕೆ ಹಿಡಿದು ಬಗ್ಗುವ ಹೆಂಗಸು ಇವರೇ! ಬಸ್ಸಿನಲ್ಲಿ, ಆಸ್ಪತ್ರೆಯ ಕ್ಯೂನಲ್ಲಿ, ಎಲ್ಲಿ ಕೂತರೂ ಪಕ್ಕದವರನ್ನು ಯಾವ ಊರು, ಯಾರ ಪೈಕಿ ಎಂದು ಕೇಳುವವಳು ನಾನು. ಇವರನ್ನು ಮಾತ್ರ ಕೇಳಿರಲಿಲ್ಲ. ಇವರನ್ನು ನಾನು ಏನನ್ನೂ ಕೇಳಿರಲಿಲ್ಲ.

ಹುಡುಗಿ ಒಳಗಿನಿಂದ ಬಂದಳು. ಟೀ ಬಂತು. ನಾನು ಸುತ್ತಿ ಬಳಸಲಿಲ್ಲ. "ತಪ್ಪಾಯ್ತು ಕಣಮ್ಮ. ಕೆಲ್ಸ ನಿಂದೇ, ಎಲ್ರೂ ಒಪ್ಪಿದಾರೆ. ನನ್ ಬಾಯಿಂದ ಅದು ಹಾಳಾಗ್ಬಾರ್ದು" ಎಂದೆ.

"ಕೋಪ ಇಲ್ಲ ಆಂಟಿ" ಎಂದಳು. "ಕೆಲ್ಸ ಬೇಕು ನಂಗೆ. ತಿಂಗ್ಳು ಮುಗೀತಾ ಬಂತು. ಆದ್ರೆ ಅಷ್ಟೆಲ್ಲಾ ತಲೆ ಕೆಡಿಸ್ಕೊಂಡು ಫಾರಂ ಮಾಡ್ಸಿದ ನೀವೇ ಕೇಳಿದ್ರಿ. ಇನ್ನು ಭಾನುವಾರ ಬರೋರು ಬಿಡ್ತಾರಾ? ಒಬ್ರಾದ್ಮೇಲೆ ಒಬ್ರು ಕೇಳ್ತಾರೆ. ನಾನ್ ಪ್ರತಿ ವಾರ ನಿಂತ್ಕೊಂಡು ಹೇಳ್ಬೇಕು. ಅದು ಆಗಲ್ಲ." ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತು, ತಲೆ ಎತ್ತಿದಳು. "ನೀವ್ ಹೇಳಿ ಆಂಟಿ. ನೀವು ಯಾರ ಪೈಕಿ?"

ಐವತ್ತೆಂಟು ವರ್ಷ ಹೇಳಿಕೊಂಡು ಬಂದ ಉತ್ತರ ತಾನಾಗಿ ಬಂತು. ತುಮಕೂರಿನ ಆಚೆ ಮಿಷನ್ ಊರು, ಅಜ್ಜ ಕಾರ್ಖಾನೆಯಲ್ಲಿ ಫಿಟ್ಟರ್, ಅವರ ತಂದೆ ಮಿಷನ್ ಶಾಲೆಯಲ್ಲಿ ಉಪದೇಶಿ.

"ಅದಕ್ಕೆ ಮುಂಚೆ?"

ನಮ್ಮಲ್ಲಿ ಯಾರೂ ಅದಕ್ಕಿಂತ ಹಿಂದೆ ಹೋಗುವುದಿಲ್ಲ. ನಮ್ಮೆಲ್ಲರ ಕಥೆ ಮಿಷನ್ನಿನವರು ಕಟ್ಟಿಸಿದ ಬಾವಿಯಿಂದ ಶುರುವಾಗುತ್ತದೆ. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಅವರೆಕಾಯಿ ಬಿಡಿಸುತ್ತಾ, ಮಿಷನ್ನಿನವರು ಬರೋದಕ್ಕೆ ಮುಂಚೆ ನಾವು ಎಲ್ಲಿದ್ದೆವು ಎಂದು ಕೇಳಿದ್ದೆ. ಅಜ್ಜಿ ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿ, ಯಾರ ಹತ್ತಿರವೂ ಆಡಬೇಡ ಎಂದಿದ್ದಳು. ಎಲ್ಲರ ಮನೆಯಲ್ಲೂ ಎಲ್ಲರಿಗೂ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ. ಗಂಡ ಹೆಂಡತಿ ನಾವು ಕೂಡ, ಮದುವೆಯಾಗಿ ಮೂವತ್ತು ವರ್ಷದಲ್ಲಿ ಒಂದು ಸಲ ಆಡಿರಲಿಲ್ಲ.

"ಅದಕ್ಕೆ ಮುಂಚೆ ಊರಿನ ಹೊರಗಿದ್ರು ಕಣಮ್ಮ," ಎಂದೆ. "ಊರಿನ ಬಾವಿ ಮುಟ್ಟೋ ಹಾಗಿರ್ಲಿಲ್ಲ. ಸತ್ತ ದನ ಎಳೀತಿದ್ರು. ಬೀದಿ ಗುಡಿಸ್ತಿದ್ರು."

ಯಜಮಾನರು ಟೀ ಲೋಟ ಕೆಳಗಿಟ್ಟರು. ಏನಾದರೂ ತಮಾಷೆ ಮಾಡಿ ತೇಲಿಸಿಬಿಡುತ್ತಾರೋ ಎಂದು ಹೆದರಿದೆ. "ನಮ್ಮನೆಯೋರೂ ಅಷ್ಟೇ ತಾಯಿ" ಎಂದರು, ಅಷ್ಟೇ. ಹುಡುಗಿಯ ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ನಮ್ಮಿಬ್ಬರನ್ನೂ ನೋಡುತ್ತಾ ಕೂತರು.

ಹುಡುಗಿ ಖಾಲಿ ಲೋಟಗಳನ್ನು ಎತ್ತಿಟ್ಟಳು. ಆಮೇಲೆ, "ಬರ್ತೀನಿ ಆಂಟಿ. ಆದ್ರೆ ಒಂದು. ಚರ್ಚಲ್ಲಿ ಯಾರಾದ್ರೂ ನನ್ನ ಹಂಗ್ ಕೇಳಿದ್ರೆ, ನಾನ್ ಹೇಳಲ್ಲ. ನಿಮ್ಮನ್ನ ತೋರಿಸ್ತೀನಿ. ಮೊದ್ಲು ನೀವ್ ಹೇಳ್ಬೇಕು" ಎಂದಳು.

"ತೋರ್ಸು" ಎಂದೆ. ಆಗ ಸುಲಭವಾಗಿಯೇ ಬಂತು ಆ ಮಾತು. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ಯಜಮಾನರ ಬೆನ್ನು ಗುದ್ದಿ ಗುದ್ದಿ, "ಬರ್ತಾಳೆ ರೀ, ಬರ್ತಾಳೆ!" ಎಂದು ಕೂಗಿದ್ದೇ ಕೂಗಿದ್ದು. ಅವರು ಸಿಗ್ನಲ್ಲಿನಲ್ಲಿ ನಿಲ್ಲಿಸಿ, ಬೀಳ್ತೀಯ ಕಣೇ ಗಟ್ಟಿಯಾಗಿ ಹಿಡ್ಕೋ ಎಂದರು.

ಒಂದನೇ ತಾರೀಕು ಅವಳು ಕೆಲಸಕ್ಕೆ ಬಂದಳು. ಮೊದಲನೇ ಭಾನುವಾರ ಯಾರೂ ಕೇಳಲಿಲ್ಲ. ಎರಡನೇ ಭಾನುವಾರ ಆರಾಧನೆ ಮುಗಿದು ಅಂಗಳದಲ್ಲಿ ಎಲ್ಲರೂ ಟೀ ಬಿಸ್ಕತ್ತು ಹಿಡಿದು ನಿಂತಿದ್ದರು. ಅವಳು ಮೇಜು ಹಾಕಿಕೊಂಡು ದೀಕ್ಷಾಸ್ನಾನಕ್ಕೆ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದಳು. ನನ್ನ ಸೋದರತ್ತೆ ಕೋಲೂರಿಕೊಂಡು ಅವಳ ಹತ್ತಿರ ಹೋದರು. ಎಂಬತ್ತೆರಡು ವರ್ಷ, ನಮ್ಮ ಮನೆತನಕ್ಕೇ ಹಿರಿಯರು, ಕಿವಿ ಸ್ವಲ್ಪ ಮಂದ. ಅವಳ ಗಲ್ಲ ಮುಟ್ಟಿ, ಬಾಯಿ ತುಂಬ ನಗುತ್ತಾ ಕೇಳಿದರು.

"ಎಷ್ಟ್ ಲಕ್ಷಣವಾಗಿದೀಯ ಮಗಳೇ. ಯಾರ ಪೈಕಿ ನೀನು?"

ಹುಡುಗಿ ಪೆನ್ನು ಕೆಳಗಿಟ್ಟಳು. ಅಂಗಳದ ಆ ತುದಿಯಲ್ಲಿದ್ದ ನನ್ನನ್ನು ಹುಡುಕಿ, ಕೈ ಎತ್ತಿ ತೋರಿಸಿದಳು.

ಅಂಗಳ ದಾಟಿ ಅವರ ಹತ್ತಿರ ನಡೆದೆ. ಹೆದರಿಕೆಯೋ ಉತ್ಸಾಹವೋ ಈಗಲೂ ಹೇಳಲಾರೆ, ಎರಡೂ ಇತ್ತು. ಸುತ್ತಲೂ ಅಣ್ಣ, ಅತ್ತಿಗೆ, ಖಜಾಂಚಿ ಚಿಕ್ಕಪ್ಪ, ನನ್ನ ಕಡೆಯವರು, ಗಂಡನ ಕಡೆಯವರು. ಅತ್ತೆಯ ಕೈ ಹಿಡಿದುಕೊಂಡೆ.

"ಅವಳನ್ನ ಕೇಳೋಕ್ ಮುಂಚೆ ನಮ್ದು ಹೇಳ್ತೀನಿ ಅತ್ತೆ," ಎಂದು ಶುರು ಮಾಡಿ, ಅಜ್ಜಿ ಹೇಳಿದ್ದನ್ನು ಅಜ್ಜಿಯ ಹಾಗೇ ತಗ್ಗಿದ ದನಿಯಲ್ಲಿ ಹೇಳಿದೆ.

ಅತ್ತೆ ಕಿವಿಯ ಹಿಂದೆ ಕೈ ಇಟ್ಟುಕೊಂಡರು. "ಏನಂದೆ? ಗಟ್ಟಿಯಾಗಿ ಹೇಳು, ಕೇಳ್ಸಲಿಲ್ಲ."

ನಾನು ಗಟ್ಟಿಯಾಗಿ ಹೇಳಿದೆ.